ಮೇಕೆಯ ಗೊರಸು

ಮನುಷ್ಯನಿಗೆ ಉಗುರು ಬೆಳೆದರೆ ತಾನೇ ತೆಗೆದುಕೊಳ್ಳುತ್ತಾನೆ. ಶಿಶುವಿಗೆ ಬೆಳೆದರೆ ತಾಯಿ ತೆಗೆಯುತ್ತಾಳೆ. ಎತ್ತಿಗೆ ಬೆಳೆದರೆ ಲಾಳ ಕಟ್ಟುವವನು ಹೆರೆದು ಸರಿಮಾಡುತ್ತಾನೆ. ಕೊಟ್ಟಿಗೆಯಲ್ಲಿ ಕಟ್ಟಿದ ಮೇಕೆಗೆ ಬೆಳೆದರೆ ತೆಗೆಯುವವರಾರು? ಈ ಪ್ರಶ್ನೆಯು ಅರುವತ್ತು ವರ್ಷ ಸಮೀಪಿಸುವವರೆಗೂ ನಮಗೆ ಹೊಳೆದಿರಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಪಾಣಿನಿ ಮಹರ್ಷಿಯು ಸ್ತ್ರೀಪ್ರತ್ಯಯಗಳನ್ನು ವಿಧಿಸುವಾಗ ಮೊಟ್ಟಮೊದಲು ನೆನೆಯುವುದು ‘ಅಜಾ’ ಶಬ್ದದಿಂದ ತೊಡಗುವ ಗಣವನ್ನು. ಆ ಅಜಾ ಶಬ್ದವನ್ನು ಏಳು ವಿಭಕ್ತಿಗಳಲ್ಲಿಯೂ ತಪ್ಪಿಲ್ಲದೆ ನಡೆಯಿಸುವುದನ್ನು ಮೂವತ್ತು ವರ್ಷಕ್ಕೂ ಮೀರಿ ಮಕ್ಕಳಿಗೆ ಕಲಿಸಿದವರು ನಾವು. ಆದರೆ ಅಜೆಯು ತಾನೇ ನಡೆಯಲಾರದೆ ನಿಂತಾಗ ಏನು ಮಾಡಬೇಕೆಂಬುದು ತಿಳಿಯದೆ ಹೋಯಿತು.

ನಮ್ಮ ಮನೆಗೆ ಮೇಕೆ ಬಂದ ಕಥೆ ಸಣ್ಣದು. ಕೆಲಸದಿಂದ ನಿವೃತ್ತರಾಗಿ ಗೆಂಡೆಹಳ್ಳಿಯಲ್ಲಿ ನೆಲಸಿದ ಮೇಲೆ ಕೆಲವು ಕಾಲ ಹಸುವನ್ನು ಸಾಕಿದೆವು. ಗೃಹಿಣಿಯ ಮಂಡಿನೋವು ಹೆಚ್ಚಿತು. ನಮ್ಮ ತೋಳಿನ ಬಲವೂ ಕುಂದಿತು. ಹಸುವಿನ ಮೇವು, ನೀರು, ಸಗಣಿ ಇವುಗಳ ಭಾರವನ್ನು ಹೊರಬಲ್ಲವರು ಮನೆಯಲ್ಲಿ ಉಳಿಯಲಿಲ್ಲ. ಆಗ ಹಸುವನ್ನು ತಮ್ಮನ ಮನೆಗೆ ಕಳುಹಿಸಿ ಎರಡು ಹೆಣ್ಣು ಮೇಕೆಗಳನ್ನು ತಂದೆವು. ಹಿತ್ತಿಲಲ್ಲಿ ಮರದ ಪಟ್ಟಿಗಳನ್ನು ಸಂದುಬಿಟ್ಟು ಜೋಡಿಸಿ ಒಂದು ಅಟ್ಟಣೆಯನ್ನು ಮಾಡಿಸಿದೆವು. ಹಿಕ್ಕೆಯೆಲ್ಲವೂ ಸಂದಿನಿಂದ ಕೆಳಕ್ಕೆ ಬೀಳುತ್ತಿತ್ತು; ಮೇಲೆ ಸದಾ ಒಣಗಿರುತ್ತಿತ್ತು. ಹಲಸಿನ ಸೊಪ್ಪು, ಹಾಲವಾಣದ ಸೊಪ್ಪು, ಒಂದಿಷ್ಟು ಜೋಳದ ದಂಟು, ಎಲ್ಲವನ್ನೂ ಬಾಯಿಗೆ ಎಟುಕುವಂತೆ ಕಟ್ಟುತ್ತಿದ್ದೆವು. ಬಿಸಿಲಿಲ್ಲ, ಮಳೆಯಿಲ್ಲ, ತೋಳನ ಭಯವಿಲ್ಲ; ಇಂಥ ಸುಖವು ಇನ್ನಾವ ಮೇಕೆಗುಂಟು ಎಂದು ನಮ್ಮಷ್ಟಕ್ಕೆ ನಾವೇ ಹೆಮ್ಮೆಪಟ್ಟುಕೊಂಡಿದ್ದೆವು.

ಆರೇಳು ತಿಂಗಳು ಕಳೆಯುವಷ್ಟರಲ್ಲಿ ದೊಡ್ಡ ಮೇಕೆಯು ಕುಂಟತೊಡಗಿತು. ಮುಳ್ಳು ಚುಚ್ಚಿರಬಹುದೆಂದು ನೋಡಿದೆವು. ಅಟ್ಟಣೆಯ ಮೇಲೆ ಮುಳ್ಳೆಲ್ಲಿಂದ ಬರಬೇಕು! ಕಾಲು ಉಳುಕಿರಬಹುದೆಂದು ಬಿಸಿಯೆಣ್ಣೆ ತಿಕ್ಕಿದೆವು. ದೃಷ್ಟಿಯಾಗಿದೆಯೆಂದು ಯಾರೋ ಹೇಳಿದರು. ಗೃಹಿಣಿಯು ಮೆಣಸಿನಕಾಯಿ ಉಪ್ಪುಗಳನ್ನು ನಿವಾಳಿಸಿದ್ದೂ ಆಯಿತು. ಕಡೆಗೊಂದು ದಿನ, ಬಾಳೆಲ್ಲ ಕುರಿ ಮೇಕೆ ಕಾಯ್ದು ಎಂಬತ್ತು ದಾಟಿದ ಹಿರಿಯರೊಬ್ಬರು ದಾರಿಯಲ್ಲಿ ಹೋಗುತ್ತಿದ್ದವರು ಬೇಲಿಯ ಬಳಿ ನಿಂತು ನೋಡಿ, “ಮೇಷ್ಟ್ರೇ, ಇದಕ್ಕೆ ಉಗುರು ತೆಗೆದಿಲ್ಲ ನೀವು” ಎಂದರು.

“ನೀವು ನಿಮ್ಮ ಮೇಕೆಗಳಿಗೆ ಎಷ್ಟು ದಿನಕ್ಕೊಮ್ಮೆ ತೆಗೆಯುತ್ತಿದ್ದಿರಿ ಅಜ್ಜ?” ಎಂದು ಕೇಳಿದೆವು.

ಅವರು ನಕ್ಕುಬಿಟ್ಟರು. “ನಾನೆಲ್ಲಿ ತೆಗೆದೆ ಮೇಷ್ಟ್ರೇ? ಬಂಡೆ ತೆಗೀತಿತ್ತು.”

ಆ ನುಡಿಗಳಲ್ಲಿ ಈ ವಿಷಯದ ಶಾಸ್ತ್ರವೆಲ್ಲವೂ ಅಡಗಿದೆಯೆಂದು ಈಗ ನಮಗೆ ತೋರುತ್ತದೆ. ಮೇಕೆಯು ಮೂಲತಃ ಬೆಟ್ಟದ ಪ್ರಾಣಿ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಇರಾನ್ ದೇಶದ ಝಾಗ್ರೋಸ್ ಪರ್ವತಸೀಮೆಯಲ್ಲಿ ಮನುಷ್ಯನು ಕಾಡುಮೇಕೆಯನ್ನು ಪಳಗಿಸಿದನೆಂದು ಅಗೆತದಲ್ಲಿ ದೊರೆತ ಎಲುಬುಗಳಿಂದ ವಿದ್ವಾಂಸರು ನಿರ್ಣಯಿಸಿದ್ದಾರೆ. ಅಂಥ ಪ್ರಾಣಿಯ ಗೊರಸು ಕಲ್ಲಿನ ಮೇಲೆ ಅನುದಿನವೂ ಸವೆಯುತ್ತದೆ. ಸವೆದಷ್ಟನ್ನು ತುಂಬಿಕೊಡುವುದಕ್ಕಾಗಿ ಪ್ರಕೃತಿಯು ಅದು ಎಡೆಬಿಡದೆ ಬೆಳೆಯುವಂತೆ ಏರ್ಪಡಿಸಿದೆ. ನಮ್ಮ ಪಶ್ಚಿಮಘಟ್ಟಗಳ ದಕ್ಷಿಣಭಾಗದಲ್ಲಿ, ಕೇರಳ ಮತ್ತು ತಮಿಳುನಾಡಿನ ಎತ್ತರದ ಹುಲ್ಲುಗಾವಲುಗಳಲ್ಲಿ ಇರುವ ನೀಲಗಿರಿ ತಾರ್ ಎಂಬ ಮೃಗವು ಕಡಿದಾದ ಬಂಡೆಗಳ ಮೇಲೆ ಲೀಲೆಯಿಂದ ಓಡಾಡುವುದಾದರೂ ಇದೇ ಬಗೆಯ ಗೊರಸಿನ ಬಲದಿಂದ: ಸುತ್ತ ಗಟ್ಟಿಯಾದ ಅಂಚು, ನಡುವೆ ಮೆತ್ತನೆಯ ಅಡಿ. ನಾವು ಮೇಕೆಯನ್ನು ಬಂಡೆಯಿಂದ ಇಳಿಸಿ ಮರದ ಪಟ್ಟಿಯ ಮೇಲೆ ನಿಲ್ಲಿಸಿದೆವು. ಗೊರಸಿಗೆ ಈ ಸಮಾಚಾರವನ್ನು ತಿಳಿಸಿದವರಿಲ್ಲ. ಅದು ತನ್ನ ಪಾಡಿಗೆ ಬೆಳೆಯುತ್ತಲೇ ಇದೆ.

ನಮ್ಮ ಜಿಲ್ಲೆಯಲ್ಲಿಯೇ ಇದರ ಎರಡು ಪಕ್ಷಗಳನ್ನೂ ಕಾಣಬಹುದು. ಪೂರ್ವಕ್ಕೆ ಅರಸೀಕೆರೆಯ ಕಡೆ ಹೋದರೆ ಮಳೆ ಕಡಮೆ, ಕಲ್ಲು ಹೆಚ್ಚು. ಅಲ್ಲಿ ದಿನವೆಲ್ಲ ಗುಡ್ಡದ ಮೇಲೆ ಮೇಯುವ ಮಂದೆಗಳ ಕಾಲನ್ನು ಎತ್ತಿ ನೋಡಿದರೆ ಗೊರಸು ಅಳತೆಮಾಡಿ ಕತ್ತರಿಸಿದಂತೆ ಇರುತ್ತದೆ. ಬೇಲೂರಿನ ಪಶ್ಚಿಮಕ್ಕೆ ಸರಿದಂತೆಲ್ಲ ಮಲೆನಾಡಿನ ಗಾಳಿ ಬೀಸುತ್ತದೆ. ನೆಲ ಮೆತ್ತಗೆ, ಮುಂಗಾರಿನಲ್ಲಿ ತಿಂಗಳುಗಟ್ಟಲೆ ಕೆಸರು. ಕಾಫಿ ತೋಟಕ್ಕೆ ಮೇಕೆಯನ್ನು ಬಿಡುವ ಹಾಗಿಲ್ಲ, ಗೋಮಾಳಗಳು ಕರಗಿವೆ, ಮೇಕೆ ಕಾಯುತ್ತಿದ್ದ ಹುಡುಗರು ಈಗ ಪಾಠಶಾಲೆಯಲ್ಲಿದ್ದಾರೆ. (ಈ ಕೊನೆಯದನ್ನು ಹೇಳಲು ನಮಗೆ ಸಂತೋಷವೇ ಆಗುತ್ತದೆ.) ಆದುದರಿಂದ ಮೇಕೆಯನ್ನು ಕಟ್ಟಿಯೇ ಸಾಕಬೇಕಾಗಿದೆ. 2019ರ ಜಾನುವಾರು ಗಣತಿಯಂತೆ ಭಾರತದಲ್ಲಿ 14 ಕೋಟಿ 88 ಲಕ್ಷ ಮೇಕೆಗಳಿದ್ದುವು. ಅವುಗಳಲ್ಲಿ ಹೀಗೆ ಕಟ್ಟುಗೂಟದಲ್ಲಿ ಇರುವವೆಲ್ಲಕ್ಕೂ ಬಂಡೆಯ ಕೆಲಸವನ್ನು ಯಜಮಾನನ ಕೈಯೇ ಮಾಡಬೇಕು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಕತ್ತರಿಯನ್ನು ಹಿಡಿಯುವ ಮೊದಲು ಗೊರಸಿನ ರಚನೆಯನ್ನು ತಿಳಿದಿರತಕ್ಕದ್ದು. ಅಮರಕೋಶವು ಗೊರಸಿಗೆ ಶಫ, ಖುರ ಎಂಬ ಎರಡು ಹೆಸರುಗಳನ್ನು ಹೇಳುತ್ತದೆ. ಕುದುರೆಯು ಏಕಶಫ, ಮೇಕೆಯು ದ್ವಿಶಫ. ಎಂದರೆ ಒಂದೊಂದು ಕಾಲಿನಲ್ಲಿಯೂ ಎರಡೆರಡು ಹೋಳುಗಳು. ಒಂದು ಹೋಳನ್ನು ಎತ್ತಿ ಅಡಿಯಿಂದ ನೋಡಿದರೆ, ಹೊರಸುತ್ತಿನಲ್ಲಿ ನಮ್ಮ ಉಗುರಿನ ಜಾತಿಯ ಗಟ್ಟಿಯಾದ ಚಿಪ್ಪು ಕಾಣುತ್ತದೆ. ಇದಕ್ಕೆ ನೋವಿಲ್ಲ, ರಕ್ತವಿಲ್ಲ. ಅದರೊಳಗೆ ಸ್ವಲ್ಪ ಮೆತ್ತಗಿರುವ ಅಡಿ. ಹಿಂದುಗಡೆ ಇನ್ನೂ ಮೃದುವಾದ ಹಿಮ್ಮಡಿ. ಅಡಿಯ ಮೇಲ್ಪದರವು ನಿರ್ಜೀವ. ಅದರ ಮೇಲುಗಡೆ ಇರುವುದು ರಕ್ತನಾಳಗಳೂ ನರಗಳೂ ತುಂಬಿದ ಜೀವಭಾಗ. ಚಿಪ್ಪು ಕೂದಲಿನ ಅಂಚಿನಿಂದ ಹುಟ್ಟಿ ಕೆಳಕ್ಕೆ ಇಳಿಯುತ್ತದೆ. ಆ ಅಂಚಿಗೆ ಸಮಾನಾಂತರವಾಗಿ ಗೊರಸಿನ ಮೇಲೆ ಸಣ್ಣ ಸಣ್ಣ ಗೆರೆಗಳಿರುವುದನ್ನು ನೋಡಬಹುದು. ಹೊಸಬನಿಗೆ ಈ ಗೆರೆಗಳೇ ಗುರು. ಕತ್ತರಿಸಿ ಮುಗಿಸಿದಾಗ ಗೊರಸಿನ ತಳವು ಈ ಗೆರೆಗಳಿಗೂ ಕೂದಲ ಅಂಚಿಗೂ ಸಮಾನಾಂತರವಾಗಿದ್ದರೆ ಕೆಲಸ ಸರಿಯಾಯಿತೆಂದು ತಿಳಿಯಬೇಕು. ಸರಿಯಾದ ಗೊರಸು ಹೇಗಿರುತ್ತದೆಂದು ಕಣ್ಣಾರೆ ಕಾಣಬೇಕೆಂದರೆ ಒಂದೆರಡು ವಾರದ ಮರಿಯ ಕಾಲನ್ನು ನೋಡಿರಿ. ಅದಕ್ಕಿಂತ ಒಳ್ಳೆಯ ಮಾದರಿಯಿಲ್ಲ.

ಸವೆಯದ ಚಿಪ್ಪು ಏನು ಮಾಡುತ್ತದೆ? ಕೆಳಕ್ಕೆ ಬೆಳೆದು ಅಡಿಯ ಕೆಳಗೆ ಮಡಿಚಿಕೊಳ್ಳುತ್ತದೆ. ಆ ಮಡಿಕೆಯೊಳಗೆ ಹಿಕ್ಕೆ ಕೆಸರುಗಳು ಸೇರಿ ಗಾಳಿಯಾಡದೆ ಕೊಳೆಯತೊಡಗುತ್ತವೆ. ತುದಿಯು ಮುಂದಕ್ಕೆ ಉದ್ದವಾಗಿ, ಕೆಲವು ವೇಳೆ ಹಳೆಯ ಕಾಲದ ಜೋಡಿನ ಮೂತಿಯಂತೆ ಮೇಲಕ್ಕೆ ಸುರುಟಿಕೊಳ್ಳುತ್ತದೆ. ಆಗ ದೇಹದ ಭಾರವೆಲ್ಲ ಹಿಮ್ಮಡಿಯ ಮೇಲೆ ಬಿದ್ದು ಗಿಣ್ಣಿನ ನರಗಳು ಜಗ್ಗುತ್ತವೆ. ಕಾಲು ನೋಯುವ ಮೇಕೆಯು ಮೇವಿನ ಬಳಿಗೆ ಹೋಗುವುದಕ್ಕೂ ಸೋಮಾರಿಯಾಗುತ್ತದೆ, ಹಾಲು ಇಳಿಯುತ್ತದೆ, ಹೋತವಾದರೆ ಹೆಣ್ಣನ್ನು ಕೂಡುವುದಕ್ಕೆ ಹಿಂಜರಿಯುತ್ತದೆ. ಇವೆಲ್ಲವೂ ನಡೆದ ಮೇಲೆ ನಾವು ಕೆಚ್ಚಲನ್ನು ನೋಡುತ್ತೇವೆ, ಹಲ್ಲನ್ನು ನೋಡುತ್ತೇವೆ, ಕಾಲನ್ನು ನೋಡುವುದಿಲ್ಲ.

ಸಲಕರಣೆಗಳಿಗೆ ಬಹಳ ಖರ್ಚಿಲ್ಲ. ನಮ್ಮ ಸೀಮೆಯಲ್ಲಿ ಕಾಫಿ ಗಿಡಕ್ಕೆ ಕಸಿ ಮಾಡುವ ಕತ್ತರಿಯು ಮನೆಮನೆಯಲ್ಲಿಯೂ ಇರುವುದಷ್ಟೆ. ಅದೇ ಸಾಕು, ಆದರೆ ಹರಿತವಾಗಿರಬೇಕು. ಮೊಂಡಾದ ಕತ್ತರಿಯು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಒಂದು ಅರ, ಕೆಸರು ಕೆದಕುವುದಕ್ಕೆ ಚೂಪಾದ ಬಿದಿರ ಕಡ್ಡಿ, ತಿಕ್ಕುವುದಕ್ಕೆ ತೆಂಗಿನ ನಾರು, ಒಂದು ಸೀಸೆ ಅಯೋಡಿನ್ ದ್ರಾವಣ, ಇಷ್ಟನ್ನು ಮೊದಲೇ ಕೈಯ ಹತ್ತಿರ ಇಟ್ಟುಕೊಳ್ಳಬೇಕು. ಮೇಕೆಯನ್ನು ಹಿಡಿದುಕೊಂಡ ಮೇಲೆ ಅರವನ್ನು ಹುಡುಕಹೊರಟರೆ ಮೇಕೆಯನ್ನೂ ಹುಡುಕಬೇಕಾಗುತ್ತದೆ.

ಕಾಲವನ್ನು ನೋಡುವುದೂ ಯುಕ್ತ. ಬೇಸಗೆಯಲ್ಲಿ ಗೊರಸು ಕರಟದಂತೆ ಗಟ್ಟಿಯಾಗಿರುತ್ತದೆ. ಮೊದಲು ಕಾಲನ್ನು ಹತ್ತು ಹದಿನೈದು ನಿಮಿಷ ನೀರಿನಲ್ಲಿ ನಿಲ್ಲಿಸಬೇಕು, ಇಲ್ಲವೆ ಇಬ್ಬನಿಯ ಹುಲ್ಲಿನಲ್ಲಿ ಅಡ್ಡಾಡಿಸಿದ ಮೇಲೆ ಬೆಳಗ್ಗೆಯೇ ಕುಳಿತುಕೊಳ್ಳಬೇಕು. ಮಳೆಗಾಲದಲ್ಲಿ ಬೆಣ್ಣೆಯಂತೆ ಕತ್ತರಿಸಬಹುದು. ಅದಕ್ಕಾಗಿಯೇ ಮಳೆಗಾಲದಲ್ಲಿ ಕೈ ಮುಂದಕ್ಕೆ ಹೋಗಿಬಿಡುವ ಭಯವೂ ಹೆಚ್ಚು. ದಿನ ತುಂಬುತ್ತ ಬಂದ ಗಬ್ಬದ ಮೇಕೆಯನ್ನು ಹಿಡಿದು ಎಳೆದಾಡಬಾರದು. ಈದ ಮೇಲೆ ನೋಡಿಕೊಂಡರಾಯಿತು.

ಹಿಡಿಯುವ ಬಗೆಯನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಅರ್ಧ ಕೆಲಸ ಅದೇ. ಎತ್ತಿಗೆ ಲಾಳ ಕಟ್ಟುವವರು ಹಗ್ಗ ಹಾಕಿ ಕೆಡಹುವುದನ್ನು ನೋಡಿದ್ದ ನಾವು ಮೊದಲ ದಿನ ಮೇಕೆಯನ್ನೂ ಹಾಗೆಯೇ ಕೆಡಹಲು ಹೋದೆವು. ಅದರ ಕೂಗಿಗೆ ಬೀದಿಯ ಜನವೆಲ್ಲ ಸೇರಿದರು. ಸರ್ವಥಾ ಅದು ಬೇಕಾಗಿಲ್ಲ. ಮೇಕೆಯನ್ನು ಗೋಡೆಯ ಪಕ್ಕದ ಕಂಬಕ್ಕೆ ಮೋಟಾಗಿ ಕಟ್ಟಿ, ಮುಂದೆ ಒಂದು ಹಿಡಿ ಹಲಸಿನ ಸೊಪ್ಪನ್ನು ತೂಗುಹಾಕಿರಿ. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ನಿಮ್ಮ ತೊಡೆ. ನಡುವೆ ಮೇಕೆ ನೆಮ್ಮದಿಯಿಂದ ನಿಲ್ಲುತ್ತದೆ. ನಿಮ್ಮ ಬೆನ್ನು ಅದರ ತಲೆಯ ಕಡೆಗೆ ಇರಲಿ. ಮುಂಗಾಲನ್ನು ಮಂಡಿಯಲ್ಲಿ ಸಹಜವಾಗಿ ಮಡಿಚಿ ಹಿಂದಕ್ಕೆ ಎತ್ತಬೇಕು. ಹಿಂಗಾಲನ್ನು ನೆಟ್ಟಗೆ ಹಿಂದಕ್ಕೆ ಚಾಚಿಸಬೇಕೇ ಹೊರತು ಪಕ್ಕಕ್ಕೆ ಎಳೆಯಬಾರದು. ಬಹಳ ಮೇಲಕ್ಕೂ ಎತ್ತಬಾರದು, ಸೊಂಟದ ಕೀಲು ನೋಯುತ್ತದೆ. ಒದೆದರೆ ಕತ್ತರಿಯನ್ನು ದೂರ ಹಿಡಿದು, ಕಾಲನ್ನು ಮಾತ್ರ ಬಿಡದೆ, ಅದು ಶಾಂತವಾಗುವವರೆಗೆ ಕಾಯಬೇಕು. ಒದೆದೊಡನೆ ಬಿಟ್ಟರೆ, ಒದೆದರೆ ಬಿಡುತ್ತಾರೆಂಬ ಪಾಠವನ್ನು ಒಂದೇ ದಿನದಲ್ಲಿ ಕಲಿತುಬಿಡುತ್ತದೆ. ನಮ್ಮ ಶಿಷ್ಯರಲ್ಲಿ ಇಷ್ಟು ಬೇಗ ಕಲಿತವರು ಕಡಮೆ.

ಸಂಸ್ಕೃತ ವೈಯಾಕರಣರು ಅನಿರೀಕ್ಷಿತವಾದ ಕೇಡಿಗೆ ‘ಅಜಾಕೃಪಾಣೀಯ’ವೆಂದು ಉದಾಹರಣೆ ಕೊಡುತ್ತಾರೆ: ಮೇಕೆ ಹೋದುದಕ್ಕೂ ಕತ್ತಿ ಬಿದ್ದುದಕ್ಕೂ ಒಂದೇ ಗಳಿಗೆ ಕೂಡಿಬಂದು ಮೇಕೆಯ ಕುತ್ತಿಗೆ ಹೋಯಿತೆಂದು ಕಥೆ. ಅದು ಆಕಸ್ಮಿಕವಲ್ಲ, ಯಜಮಾನನ ಅಜಾಗ್ರತೆಯೆಂದು ನಮ್ಮ ಈಗಿನ ಅಭಿಪ್ರಾಯ. ಕತ್ತರಿಯ ಬಾಯಿ ಎಂದಿಗೂ ನಿಮ್ಮ ಕೈಯ ಕಡೆಗಾಗಲಿ ಮೇಕೆಯ ಹೊಟ್ಟೆಯ ಕಡೆಗಾಗಲಿ ತಿರುಗಿರಬಾರದು.

ಈಗ ಕತ್ತರಿಸುವ ಕ್ರಮ. ಮೊದಲು ಬಿದಿರ ಕಡ್ಡಿಯಿಂದ ಮಡಿಕೆಗಳಲ್ಲಿಯೂ ಎರಡು ಹೋಳುಗಳ ಸಂದಿನಲ್ಲಿಯೂ ಇರುವ ಕೊಳೆಯನ್ನೆಲ್ಲ ತೆಗೆದು ತಿಕ್ಕಿರಿ. ಕೊಳೆ ಹೋಗುವವರೆಗೆ ಗೊರಸು ಎಲ್ಲಿ ಮುಗಿಯಿತು, ಕೆಸರು ಎಲ್ಲಿ ಮೊದಲಾಯಿತು ಎಂಬುದೇ ತಿಳಿಯದು. ಅನಂತರ ಅಡಿಯ ಕೆಳಗೆ ಮಡಿಚಿಕೊಂಡ ಚಿಪ್ಪನ್ನು ಹಿಮ್ಮಡಿಯ ಕಡೆಯಿಂದ ತುದಿಯ ಕಡೆಗೆ ಕತ್ತರಿಸುತ್ತ ಬಂದು, ಅಡಿಯ ಮಟ್ಟಕ್ಕೆ ತನ್ನಿರಿ. ಇದರಲ್ಲಿ ಅಪಾಯವಿಲ್ಲ, ಸತ್ತ ಉಗುರು ಅದು. ಆಮೇಲೆ ಉದ್ದವಾದ ತುದಿಯನ್ನು ಸ್ವಲ್ಪ ಸ್ವಲ್ಪವಾಗಿ ಗಿಡ್ಡಮಾಡಿರಿ. ಕಡೆಗೆ ಅಡಿ. ಇಲ್ಲಿ ಮಾತ್ರ ಕೈಗೆ ಸಂಯಮ ಬೇಕು. ಹಾಳೆಯಷ್ಟು ತೆಳುವಾದ ಪದರಗಳನ್ನು ಒಂದೊಂದಾಗಿ ತೆಗೆಯುತ್ತ, ಪ್ರತಿ ಸಲವೂ ಬಣ್ಣವನ್ನು ನೋಡಬೇಕು. ಕಂದು ಹೋಗಿ ಬಿಳುಪು ಬರುತ್ತದೆ; ಬಿಳುಪಿನೊಳಗಿಂದ ನಸುಗೆಂಪು ಇಣುಕುತ್ತದೆ. ನಸುಗೆಂಪು ಕಂಡೊಡನೆ ನಿಲ್ಲಿಸಬೇಕು. ಇನ್ನೊಂದು ಪದರದಲ್ಲಿ ರಕ್ತವಿದೆ. ಕಪ್ಪು ಗೊರಸಿನ ಮೇಕೆಯಲ್ಲಿ ಬಣ್ಣವು ಸ್ಪಷ್ಟವಾಗದು. ಅಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿದರೆ, ಅಡಿ ಸ್ವಲ್ಪ ಬಾಗಿದಂತಾದರೆ ಸಾಕೆಂದು ತಿಳಿಯಬಹುದು. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಕೆಲಸಮಾಡಿದಾಗ, ತೆಗೆದ ಚಕ್ಕೆಯನ್ನು ಮರಳಿ ಅಂಟಿಸಲಾಗದೆಂಬ ಎಚ್ಚರ ಅವರಿಗಿದ್ದಿರಲೇಬೇಕು. ನಮ್ಮ ಮೇಕೆಗಾದರೋ ತೆಗೆಯದೆ ಬಿಟ್ಟುದನ್ನು ಮುಂದಿನ ವಾರ ತೆಗೆಯಬಹುದೆಂಬ ಅನುಕೂಲವಿದೆ.

ಹಿಮ್ಮಡಿ ಉಬ್ಬಿದ್ದರೆ ಅಡಿಯ ಮಟ್ಟಕ್ಕೆ ತರಬೇಕು, ಅದಕ್ಕಿಂತ ಒಳಗೆ ಹೋಗಬಾರದು. ಎರಡು ಹೋಳುಗಳೂ ಒಂದೇ ಎತ್ತರದಲ್ಲಿರಲಿ. ಅರದಿಂದ ಒಮ್ಮೆ ಉಜ್ಜಿ, ಕಾಲನ್ನು ನೆಲದ ಮೇಲಿಟ್ಟು, ಹಿಂದೆ ಸರಿದು ಮೇಕೆಯು ನಿಂತ ರೀತಿಯನ್ನು ನೋಡಿರಿ. ಕಾಲಿನ ಹಿಂಭಾಗದಲ್ಲಿ ಮೇಲುಗಡೆ ಇರುವ ಎರಡು ಪುಟ್ಟ ಗೊರಸುಗಳು ಮುದಿಮೇಕೆಯಲ್ಲಿ ಬೆಳೆದು ಚುಚ್ಚುವುದುಂಟು. ಆಗ ಅವುಗಳ ತುದಿಯನ್ನಷ್ಟೇ ತೆಗೆಯಬೇಕು.

ನಾವು ಮೊದಲ ಸಲ ಏನು ಮಾಡಿದೆವೆಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ. ಮೂರು ಕಾಲು ಚೆನ್ನಾಗಿ ಆದುವು. ನಾಲ್ಕನೆಯದರ ಹೊತ್ತಿಗೆ ಕೈ ಪಳಗಿತೆಂಬ ಭ್ರಮೆ ಬಂದು, ಬಿಳುಪು ನೋಡುವ ತಾಳ್ಮೆಯಿಲ್ಲದೆ ಒಂದೇ ಏಟಿಗೆ ತುದಿಯನ್ನು ಹಾರಿಸಿದೆವು. ರಕ್ತ ಚಿಮ್ಮಿತು. ಮೇಕೆಯು ಕೂಗಲಿಲ್ಲ, ತಲೆಯನ್ನು ತಿರುಗಿಸಿ ನಮ್ಮನ್ನು ನೋಡಿತು. ಗೃಹಿಣಿಯು ಅಡುಗೆಮನೆಯಿಂದ ಅರಿಶಿನದ ಡಬ್ಬಿಯನ್ನು ತಂದು, ನಮ್ಮ ಕೈಯಿಂದ ಕಾಲನ್ನು ಕಿತ್ತುಕೊಂಡು ತಾನೇ ಹಿಡಿದಳು. ಅಯೋಡಿನ್ನಿನಿಂದ ತೊಳೆದು, ಶುಭ್ರವಾದ ಬಟ್ಟೆಯನ್ನು ಮಡಿಸಿ ಐದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದ ಮೇಲೆ ರಕ್ತ ನಿಂತಿತು. ಹನಿರಕ್ತವಾದರೆ ಇಷ್ಟೇ ಸಾಕು. ಒಂದೆರಡು ದಿನ ಒಣಗಿದ ಜಾಗದಲ್ಲಿ ಕಟ್ಟಬೇಕು. ಗಾಯ ಆಳವಾಗಿದ್ದರೆ ಪಶುವೈದ್ಯರಿಗೆ ತೋರಿಸಲೇಬೇಕು, ಏಕೆಂದರೆ ಮೇಕೆಗೂ ಧನುರ್ವಾಯು ಬರುತ್ತದೆ, ಬಂದ ಮೇಲೆ ಉಳಿಯುವುದು ದುರ್ಲಭ. ಆ ಮೇಕೆಯು ಹದಿನೈದು ದಿನ ನಮ್ಮನ್ನು ಕಂಡರೆ ಮೂಲೆಗೆ ಸರಿಯುತ್ತಿತ್ತು.

ಈ ಲಜ್ಜೆಯಿಂದ ನಾವು ಕತ್ತರಿಯನ್ನು ಮೂಲೆಗಿಟ್ಟುಬಿಡುತ್ತಿದ್ದೆವೋ ಏನೋ. ಹಾಗಾಗದಂತೆ ಒಂದು ಪ್ರಸಂಗ ನಡೆಯಿತು. ನಮ್ಮ ಬೀದಿಯ ಕೊನೆಯಲ್ಲಿ ನಾಲ್ಕು ಮೇಕೆಗಳನ್ನು ಇಟ್ಟುಕೊಂಡು ಜೀವಿಸುವ ಒಬ್ಬ ವಿಧವೆ ಹೆಂಗಸಿದ್ದಾಳೆ. ತೋಟಗಳಲ್ಲಿ ಕೂಲಿಗೆ ಹೋಗುತ್ತಾಳೆ. ಮೇಕೆಗಳು ಹಗಲೆಲ್ಲ ಕಟ್ಟಿದಲ್ಲಿಯೇ ಇರುತ್ತವೆ. ಅವುಗಳಲ್ಲಿ ಒಂದು ಪ್ರತಿ ಸೂಲಿನಲ್ಲಿಯೂ ಅವಳಿಮರಿಗಳನ್ನು ಹಾಕುವ ಒಳ್ಳೆಯ ಮೇಕೆ. ಮಗಳ ಓದಿನ ಖರ್ಚು ಅದರ ಮರಿಗಳಿಂದಲೇ ನಡೆಯುತ್ತಿತ್ತು. ಒಂದು ಸಂಜೆ ನಾವು ಆ ದಾರಿಯಲ್ಲಿ ಹೋಗುವಾಗ ಅದು ಮುಂಗಾಲಿನ ಮಂಡಿಗಳನ್ನು ಊರಿಕೊಂಡು ಮೇಯುತ್ತಿದ್ದುದನ್ನು ಕಂಡೆವು. ಮಂಡಿಯ ಕೂದಲೆಲ್ಲ ಉದುರಿ ಚರ್ಮ ಜಡ್ಡುಗಟ್ಟಿತ್ತು.

“ಏನಮ್ಮ ಇದು, ಎಷ್ಟು ದಿನದಿಂದ ಹೀಗಿದೆ?” ಎಂದೆವು.

“ಎರಡು ತಿಂಗಳಾಯ್ತು ಮೇಷ್ಟ್ರೇ. ನಿಲ್ಲೋಕಾಗಲ್ಲ ಅದಕ್ಕೆ. ವಾತ ಹೊಡೆದಿದೆ ಅಂತಾರೆ. ಸಂತೆಗೆ ಹೊಡ್ಕೊಂಡು ಹೋಗೋಕೂ ಆಗಲ್ಲ. ನಾಳೆ ಒಬ್ಬರು ಬರ್ತಾರೆ, ತೂಕಕ್ಕೆ ಕೊಟ್ಟುಬಿಡ್ತೀನಿ.”

ಕಾಲನ್ನು ಎತ್ತಿ ನೋಡಿದೆವು. ವಾತವೂ ಇಲ್ಲ, ಏನೂ ಇಲ್ಲ. ಗೊರಸಿನ ಎರಡು ಹೋಳುಗಳೂ ಬೆರಳುದ್ದ ಬೆಳೆದು ಒಂದರ ಮೇಲೊಂದು ಕತ್ತರಿಯ ಅಲಗುಗಳಂತೆ ಅಡ್ಡಹಾಯ್ದಿದ್ದುವು. ಅದರ ಮೇಲೆ ನಿಲ್ಲುವುದಕ್ಕಿಂತ ಮಂಡಿಯೂರುವುದೇ ಆ ಪ್ರಾಣಿಗೆ ಸುಖವಾಗಿ ತೋರಿತ್ತು. “ನಾಳೆ ಬರುವವರಿಗೆ ಒಂದು ತಿಂಗಳು ತಾಳಿ ಬರಹೇಳಮ್ಮ” ಎಂದೆವು. ಅವಳಿಗೆ ನಂಬಿಕೆ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ನಮ್ಮ ಮೇಕೆಗೆ ರಕ್ತ ಬರಿಸಿದ ಸುದ್ದಿ ಬೀದಿಯೆಲ್ಲ ಹಬ್ಬಿತ್ತು. ಆದರೂ ತಾಳಿದಳು.

ಇಷ್ಟು ಬೆಳೆದ ಗೊರಸನ್ನು ಒಂದೇ ದಿನದಲ್ಲಿ ಸರಿಮಾಡಲು ಹೋಗಬಾರದೆಂಬುದು ಇಲ್ಲಿ ತಿಳಿಯಬೇಕಾದ ಮುಖ್ಯಾಂಶ. ಗೊರಸು ಉದ್ದವಾದಾಗ ಅದರೊಳಗಿನ ಜೀವಭಾಗವೂ ಸ್ವಲ್ಪ ಮುಂದಕ್ಕೆ ಚಾಚಿಕೊಂಡಿರುತ್ತದೆ. ಜೊತೆಗೆ ಬಹುಕಾಲ ಬಾಗಿ ನಿಂತ ಸ್ನಾಯುಗಳಿಗೆ ಒಮ್ಮೆಗೇ ನೆಟ್ಟಗಾಗುವುದು ನೋವು. ನಾವು ಮೊದಲ ದಿನ ತುದಿಗಳ ನಿರ್ಜೀವ ಭಾಗವನ್ನಷ್ಟೇ ತೆಗೆದೆವು. ಹನ್ನೆರಡು ದಿನ ಬಿಟ್ಟು ಇನ್ನಷ್ಟು. ಮತ್ತೆ ಹನ್ನೆರಡು ದಿನ ಬಿಟ್ಟು ಅಡಿಯನ್ನು ಸಮಮಾಡಿದೆವು. ಕೂಲಿಯಿಂದ ಬಂದ ಮೇಲೆ ಅವಳೇ ಹಿಡಿದುಕೊಳ್ಳುತ್ತಿದ್ದಳು. ಮಗಳು ದೀಪ ತೋರಿಸುತ್ತಿದ್ದಳು. ಎರಡನೆಯ ಸಲ ಮುಗಿದ ಮರುದಿನ ಮೇಕೆಯು ನಾಲ್ಕು ಕಾಲಿನ ಮೇಲೆ ನಿಂತು ಮೇಯುತ್ತಿದೆಯೆಂದು ಹುಡುಗಿ ಓಡಿಬಂದು ಹೇಳಿದಳು. ಪೂರ್ತಿ ಗುಣವಾಯಿತೆಂದು ನಾವು ಹೇಳಲಾರೆವು. ಬಲಗಡೆಯ ಮುಂಗಾಲು ಇಂದಿಗೂ ಸ್ವಲ್ಪ ಒಳಕ್ಕೆ ತಿರುಗಿದೆ, ವೇಗವಾಗಿ ನಡೆದರೆ ಕುಂಟು ಕಾಣುತ್ತದೆ. ಅಷ್ಟು ತಡವಾಗಿ ಕೈಹಾಕಿದುದರ ಫಲ ಅದು. ಆದರೆ ಅದು ತೂಕಕ್ಕೆ ಹೋಗಲಿಲ್ಲ. ಕಳೆದ ಸೂಲಿನಲ್ಲಿಯೂ ಎರಡು ಮರಿ ಹಾಕಿದೆ.

ಕುಂಟುವುದೆಲ್ಲವೂ ಗೊರಸು ಬೆಳೆದುದರಿಂದಲೇ ಎಂದು ತಿಳಿದರೆ ಇನ್ನೊಂದು ತಪ್ಪಾಗುತ್ತದೆ. ಹೋಳುಗಳ ಸಂದು ಕೆಂಪಾಗಿ, ಅಡಿಯ ಚಿಪ್ಪು ಬಿಟ್ಟುಕೊಂಡು, ಮೂಗು ಮುಚ್ಚಿಕೊಳ್ಳುವಂಥ ದುರ್ವಾಸನೆ ಬರುತ್ತಿದ್ದರೆ ಅದು ಗೊರಸು ಕೊಳೆಯುವ ರೋಗ. ಇದು ಒಂದರಿಂದ ಒಂದಕ್ಕೆ ಹರಡುವ ಅಂಟುರೋಗವೆಂಬುದನ್ನೂ, ಇದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನೂ 1941ರಲ್ಲಿ ಆಸ್ಟ್ರೇಲಿಯ ದೇಶದ ಬೆವರಿಜ್ ಎಂಬ ವಿಜ್ಞಾನಿಯು ಕುರಿಗಳಲ್ಲಿ ತೋರಿಸಿಕೊಟ್ಟನು. ಕೊಳೆತ ಭಾಗವನ್ನೆಲ್ಲ ಕೆತ್ತಿಹಾಕಬೇಕೆಂದು ಹಿಂದೆ ಹೇಳುತ್ತಿದ್ದರು. ಹಾಗೆ ಕೆತ್ತಿದರೆ ವಾಸಿಯಾಗುವುದು ತಡವೇ ಆಗುತ್ತದೆಂದು ಕುರಿಗಳ ಮೇಲೆ ನಡೆದ ಈಚಿನ ಪರೀಕ್ಷೆಗಳಿಂದ ಗೊತ್ತಾಗಿದೆ. ಆದುದರಿಂದ ಅಂಥ ಕಾಲಿಗೆ ಕತ್ತರಿ ಹಾಕದೆ, ಆ ಮೇಕೆಯನ್ನು ಬೇರೆಯಾಗಿ ಕಟ್ಟಿ ವೈದ್ಯರನ್ನು ಕರೆಯಬೇಕು. ವಾಸಿಯಾದ ಮೇಲೆ ಆಕಾರವನ್ನು ಸರಿಮಾಡಬಹುದು. ಒಂದು ಮೇಕೆಗೆ ಬಳಸಿದ ಕತ್ತರಿಯನ್ನು ಅಯೋಡಿನ್ನಿನಲ್ಲಿ ಅದ್ದದೆ ಇನ್ನೊಂದಕ್ಕೆ ಬಳಸಬಾರದು.

ಮಳೆಗಾಲದಲ್ಲಿ ಮುಂಜಾಗ್ರತೆಗಾಗಿ ಮೈಲುತುತ್ತದ ನೀರಿನಲ್ಲಿ ಕಾಲು ಅದ್ದಿಸುವುದುಂಟು. ಕಾಫಿ ಅಡಕೆಗಳಿಗೆ ಬೋರ್ಡೋ ದ್ರಾವಣವನ್ನು ಹೊಡೆಯುವ ನಮ್ಮ ಕಡೆ ಮೈಲುತುತ್ತಕ್ಕೆ ಬರವಿಲ್ಲ. ಒಂದು ಲೀಟರು ನೀರಿಗೆ 50 ಗ್ರಾಂ ಸಾಕು. ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನೇ ತಂದು ಸುರಿಯಬಾರದು. ಲೋಹದ ಪಾತ್ರೆಯನ್ನು ಅದು ತಿಂದುಹಾಕುತ್ತದೆ, ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕಲಸಬೇಕು. ಮೊದಲು ಕಾಲನ್ನು ತೊಳೆದು, ಮೇಕೆಗೆ ಬೇರೆಡೆ ನೀರು ಕುಡಿಸಿ, ಆಮೇಲೆ ನಿಲ್ಲಿಸಬೇಕು. ಬಾಯಾರಿದ ಮೇಕೆ ಅದನ್ನೇ ಕುಡಿದರೆ ವಿಷ. ಜೊತೆಗೆ ಕುರಿಗಳಿದ್ದರೆ ಇನ್ನೂ ಎಚ್ಚರ. ತಾಮ್ರವು ಕುರಿಗೆ ಮೇಕೆಗಿಂತ ಬೇಗ ಹತ್ತುತ್ತದೆ. ಉಳಿದ ನೀರನ್ನು ಕೆರೆ ಕಟ್ಟೆಗಳಿಗೆ ಚೆಲ್ಲಬಾರದು.

ಹಲವು ಮೇಕೆಗಳು ಒಂದೇ ಸಲಕ್ಕೆ ಕುಂಟಿ, ಜ್ವರವೂ ಬಾಯಲ್ಲಿ ಹುಣ್ಣೂ ಕಂಡರೆ ಅದು ಕಾಲುಬಾಯಿ ರೋಗವಿರಬಹುದು. 2013ರಲ್ಲಿ ಈ ರೋಗವು ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ಎಷ್ಟು ಕೊಟ್ಟಿಗೆಗಳನ್ನು ಬರಿದುಮಾಡಿತೆಂಬುದು ವಾಚಕರ ನೆನಪಿನಲ್ಲಿರಬಹುದು. ಆಗ ಯಾರ ಪಶುವನ್ನೂ ಮುಟ್ಟಲು ಹೋಗದೆ ಪಶುವೈದ್ಯಶಾಲೆಗೆ ತಿಳಿಸುವುದೇ ಕರ್ತವ್ಯ. 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಪಶು ಸಂಜೀವಿನಿ ವಾಹನವು ಊರಿಗೇ ಬರುವ ಏರ್ಪಾಡಿದೆ.

ಆ ಹಿರಿಯರ ಮಾತನ್ನು ನಾವು ಇನ್ನೊಂದು ಬಗೆಯಲ್ಲಿಯೂ ಪಾಲಿಸಿದೆವು. ಕಲ್ಲುಕುಟಿಗರಿಂದ ಮೈ ಒರಟಾದ ಎರಡು ಚಪ್ಪಡಿಗಳನ್ನು ತರಿಸಿ, ಹಿತ್ತಿಲಲ್ಲಿ ಒಂದನ್ನು ಮಲಗಿಸಿ, ಇನ್ನೊಂದನ್ನು ಅದಕ್ಕೆ ಆನಿಸಿ ಓರೆಯಾಗಿ ನಿಲ್ಲಿಸಿದೆವು. ಬಿಸಿಲು ಬಿದ್ದೊಡನೆ ಮೇಕೆಗಳು ಅದರ ಮೇಲೆ ಹತ್ತಿ ಇಳಿಯುವುದನ್ನು ನೋಡಬೇಕು. ಮೇಲಿನ ಜಾಗಕ್ಕಾಗಿ ಎರಡಕ್ಕೂ ನಿತ್ಯ ವ್ಯಾಜ್ಯ. ಅದರಿಂದ ಕತ್ತರಿಯ ಕೆಲಸ ತಪ್ಪಲಿಲ್ಲವಾದರೂ ಬಹಳ ಕಡಮೆಯಾಗಿದೆ. ಮರಿಗಳಿಗೆ ಎರಡು ತಿಂಗಳಾದಾಗಿನಿಂದಲೇ ದಿನಕ್ಕೊಮ್ಮೆ ಕಾಲನ್ನು ಹಿಡಿದು ಬಿಡುವ ಅಭ್ಯಾಸವನ್ನೂ ಮಾಡಿಸುತ್ತಿದ್ದೇವೆ.

ಕಟ್ಟಿ ಸಾಕಿದ ಮೇಕೆಗೆ ಆರು ವಾರದಿಂದ ಎಂಟು ವಾರದೊಳಗೆ ಒಮ್ಮೆ ಗೊರಸನ್ನು ನೋಡತಕ್ಕದ್ದು. ದಿನ ಮರೆತುಹೋಗುವುದೆಂದು ನಾವು ಎರಡು ಅಮಾವಾಸ್ಯೆಗೊಮ್ಮೆ ಎಂದು ಇಟ್ಟುಕೊಂಡು ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿದೆವು. ಅಮಾವಾಸ್ಯೆಗೂ ಗೊರಸಿಗೂ ಯಾವ ಸಂಬಂಧವೂ ಇಲ್ಲ, ಜ್ಞಾಪಕಕ್ಕಾಗಿ ಮಾತ್ರ. ಆದರೆ ಅಮಾವಾಸ್ಯೆಯ ದಿನ ಮನೆಯಲ್ಲಿ ಕತ್ತರಿ ಹಿಡಿಯಕೂಡದೆಂದು ಗೃಹಿಣಿಯು ಆಕ್ಷೇಪಿಸಿದುದರಿಂದ ಈಗ ಅದು ಪಾಡ್ಯಕ್ಕೆ ಬಿದ್ದಿದೆ. ಬೀದಿಯ ಕೊನೆಯ ಮನೆಯವಳೂ ಅಂದು ಬೆಳಗ್ಗೆ ಕೂಲಿಗೆ ಹೊರಡುವ ಮುಂಚೆ ನಮ್ಮ ಕತ್ತರಿಯನ್ನು ಕೇಳಿಕೊಂಡು ಬರುತ್ತಾಳೆ. ಕಳೆದ ಸಲ ಹಿಂತಿರುಗಿಸುವಾಗ ಅದನ್ನು ನಮಗಿಂತ ಚೆನ್ನಾಗಿ ಸಾಣೆ ಹಿಡಿಸಿ ಕೊಟ್ಟಳು.